ಕೆಂಪು ಬಾವುಟದ ರಜೆ

ಜೂನ್ ಬರುವ ಹೊತ್ತಿಗೆ ಗೋವಾದ ಕಡಲತೀರದ ಶ್ಯಾಕುಗಳು, ಅಂದರೆ ಬಿದಿರು-ಗರಿಯ ಹೋಟೆಲುಗಳು, ಕಾಣೆಯಾಗುತ್ತವೆ. ಬಿದಿರು ಬಿಚ್ಚಿ, ಗರಿ ಇಳಿಸಿ, ಮೇಜು-ಕುರ್ಚಿಗಳನ್ನು ಎಲ್ಲೋ ಒಳಗಿಟ್ಟು, ಮರಳನ್ನು ಮಳೆಗೆ ಒಪ್ಪಿಸಿ ಹೋಗುತ್ತಾರೆ. ಡಿಸೆಂಬರಿನಲ್ಲಿ ಅಲ್ಲೇ ಕೂತು ಬೆಳ್ಳುಳ್ಳಿ ಹಾಕಿದ ಸೀಗಡಿ ತಿಂದು, ಕಿವಿ ಕಿತ್ತುಹೋಗುವಂಥ ಹಾಡು ಕೇಳಿದವರು ಜುಲೈನಲ್ಲಿ ಬಂದು ನಿಂತರೆ ದಾರಿ ತಪ್ಪಿತೇನೋ ಅನ್ನಿಸಬೇಕು. ಮುಂದೆ ಕಡಲು, ಹಿಂದೆ ತೆಂಗು, ನಡುವೆ ಒಂದೆರಡು ನಾಯಿ. ಅಷ್ಟೇ.

ಹುಬ್ಬಳ್ಳಿಯವರಾದ ನಾವು ಈ ಹೊತ್ತಿನಲ್ಲೇ ಹೋಗುವುದಕ್ಕೆ ಕಾರಣ, ಮುಚ್ಚಿಡುವುದೇನು, ರೂಮಿನ ಬಾಡಿಗೆ. ಕ್ರಿಸ್‌ಮಸ್ ವಾರದಲ್ಲಿ ನಮ್ಮಂಥವರನ್ನು ಕಣ್ಣೆತ್ತಿಯೂ ನೋಡದ ಹೋಟೆಲುಗಳು ಮಳೆಗಾಲದಲ್ಲಿ ಅರ್ಧ ಬಾಡಿಗೆಗೆ, ಅದೂ ನಾಷ್ಟಾ ಸೇರಿಸಿ, ಕರೆಯುತ್ತವೆ. ಬೆಳಗಾವಿಯಿಂದ ಚೋರ್ಲಾ ಘಾಟಿ ಹಿಡಿದೆವು. ಮಂಜಿನಲ್ಲಿ ರಸ್ತೆಯೇ ಇಲ್ಲ. ಮುಂದಿದ್ದ ತರಕಾರಿ ಟೆಂಪೊದ ಕೆಂಪು ದೀಪವನ್ನೇ ನಂಬಿ ಇಳಿದೆವು. ಗೋವಾದ ಅಡುಗೆಮನೆಗಳಿಗೆ ಕಾಯಿಪಲ್ಲೆ ಬೆಳಗಾವಿಯಿಂದಲೇ ಹೋಗಬೇಕು. ಆ ಟೆಂಪೊಗಳಿಗೆ ಸೀಜನ್ನೂ ಇಲ್ಲ, ಆಫ್ ಸೀಜನ್ನೂ ಇಲ್ಲ.

ಬಾಗಾದಲ್ಲಿ ನೋಡಿದರೆ ಬೀಚೇ ಸಣ್ಣದಾಗಿತ್ತು. ಕಣ್ಣಿನ ದೋಷವಲ್ಲ. ಮಳೆಗಾಲದ ಎತ್ತರದ ಅಲೆಗಳು ದಡದ ಮರಳನ್ನು ಕೆರೆದೊಯ್ದು ತುಸು ದೂರದಲ್ಲಿ ನೀರಿನಡಿ ದಿಬ್ಬವಾಗಿ ಒಟ್ಟುತ್ತವೆ. ಮಳೆ ಮುಗಿದ ಮೇಲೆ ಸಾಧು ಅಲೆಗಳು ಅದನ್ನೇ ಮೆಲ್ಲಗೆ ತಂದು ದಡಕ್ಕೆ ಹಾಸುತ್ತವೆ. ಸೀಜನ್ನಿನಲ್ಲಿ ಜನ ಟವೆಲು ಹಾಸಿ ಮಲಗುವ ಮರಳು ಈಗ ಗೋದಾಮಿನಲ್ಲಿದೆ ಅನ್ನಿ. ಉಳಿದ ಮರಳಿನಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ಅದರ ಪಕ್ಕ ರೇನ್‌ಕೋಟು ತೊಟ್ಟ ಜೀವರಕ್ಷಕ. ಪಾದ ಒದ್ದೆಯಾಗುವ ತನಕ ಅವನು ಸುಮ್ಮನಿದ್ದ, ಮೊಣಕಾಲಿಗೆ ಬಂತೆನ್ನುವಾಗ ಸೀಟಿ ಊದಿದ. ದಡಕ್ಕೆ ನುಗ್ಗಿದ ನೀರು ವಾಪಸು ಹೋಗುವಾಗ ಕಿರಿದಾದ ದಾರಿ ಹಿಡಿದು ಜೋರಾಗಿ ಒಳಕ್ಕೆ ಓಡುತ್ತದೆ. ಆ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ. ಈಜೇ ಬಾರದ ನಾವು ಶಿಸ್ತಿನಿಂದ ಹಿಂದೆ ಸರಿದೆವು.

ಆ ಸೀಟಿಯ ಉಪಕಾರ ಆಮೇಲೆ ಗೊತ್ತಾಯಿತು. ಸೀಜನ್ನಿನ ಗೋವಾ ಪ್ರವಾಸವೆಂದರೆ ಒಂದು ಪಟ್ಟಿ. ಪ್ಯಾರಾಸೇಲಿಂಗ್ ಆಗಬೇಕು, ಜೆಟ್ ಸ್ಕೀ ಆಗಬೇಕು, ಸೂರ್ಯ ಮುಳುಗುವ ಮುಂಚೆ ಕೋಟೆಯ ಮೇಲಿರಬೇಕು, ಮುಳುಗಿದ ಮೇಲೆ ಮಾಂಡವಿ ನದಿಯಲ್ಲಿ ದೋಣಿಯ ಮೇಲೆ ಕುಣಿಯಬೇಕು. ಮಜಾ ಮಾಡುವುದು ಆಫೀಸಿನ ಕೆಲಸಕ್ಕಿಂತ ದೊಡ್ಡ ಜವಾಬ್ದಾರಿಯಾಗಿ, ಊರಿಗೆ ಬಂದು ದಣಿವಾರಿಸಿಕೊಳ್ಳಲು ಮತ್ತೆ ರಜೆ ಹಾಕಬೇಕಾಗುತ್ತದೆ. ಜುಲೈನಲ್ಲಿ ಆ ಪಟ್ಟಿಯೆಲ್ಲ ಬಂದ್. ನೀರಿನಾಟ ಇಲ್ಲ, ಸೂರ್ಯನಂತೂ ಹುಟ್ಟಿದ್ದೇ ಅನುಮಾನ. ನನ್ನಾಕಿ ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದಳು. ನಾನು ವರಾಂಡದಲ್ಲಿ ಕೂತು ಮಳೆ ನಿಲ್ಲುವುದನ್ನೂ ಮತ್ತೆ ಹಿಡಿಯುವುದನ್ನೂ ನೋಡಿದೆ. ದುಡ್ಡು ಕೊಟ್ಟು ಬಂದವನಿಗೆ ಸುಮ್ಮನೆ ಕೂರುವುದು ಸುಲಭವಲ್ಲ, ಗಂಟೆಗೆಷ್ಟು ಬಿತ್ತೆಂದು ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತದೆ. ಬಾಡಿಗೆ ಅರ್ಧವಾದಾಗ ಆ ಲೆಕ್ಕವೂ ಅರ್ಧಕ್ಕೇ ನಿಂತುಹೋಗುತ್ತದೆ.

ಊಟದ ಮಾತಿಗೆ ಬಂದರೆ ಸ್ವಲ್ಪ ನಿರಾಸೆ ಇತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ; ನಮ್ಮ ಕಾರವಾರ, ಮಲ್ಪೆಯಲ್ಲೂ ಅದೇ ಕಟ್ಟಳೆ. ತೆರೆದಿದ್ದ ಸಣ್ಣ ಹೋಟೆಲೊಂದರಲ್ಲಿ ಮೆನು ಕಾರ್ಡು ಹಿಡಿದು ನಾನು ಹೇಳಿದ್ದಕ್ಕೆಲ್ಲ ಹುಡುಗ ಅಡ್ಡಡ್ಡ ತಲೆಯಾಡಿಸಿದ. ಹೆಂಡತಿ ಕನ್ನಡದಲ್ಲಿ ಗೊಣಗಿದ್ದೇ ತಡ, ಅವನ ಮುಖ ಅರಳಿತು. ಕಲಘಟಗಿ ಕಡೆಯವನು. 'ಈಗ ಮೀನಿಗೆ ಬಾಣಂತನದ ರಜಾ ಐತ್ರಿ ಅಕ್ಕಾರ. ಐಸಿಂದು ಕೊಡಬಹುದು, ಆದ್ರ ನಾ ಕೊಡಂಗಿಲ್ಲ' ಅಂದ. ಮಾಲೀಕರು ಕೇಳಿಸಿಕೊಳ್ಳಲಿಲ್ಲ, ಪುಣ್ಯ. ಬದಲಿಗೆ ಕಿಸ್ಮೂರ್ ತಂದಿಟ್ಟ: ಒಣಸೀಗಡಿ ಹುರಿದು, ಹಸಿಕೊಬ್ಬರಿ, ಈರುಳ್ಳಿ, ಹುಳಿ ಸೇರಿಸಿ ಕಲಸಿದ್ದು. ಮಳೆಗಾಲಕ್ಕೆಂದು ಮೇ ತಿಂಗಳಲ್ಲೇ ಗೋವಾದ ಮನೆಗಳು ಒಣಮೀನು ಕೂಡಿಡುತ್ತವಂತೆ. ಕುಚ್ಚಲಕ್ಕಿ ಅನ್ನದ ಜೊತೆ ನಾವು ಎರಡು ಸಲ ಹಾಕಿಸಿಕೊಂಡೆವು. ಸೀಜನ್ನಿನಲ್ಲಿ ಪ್ರವಾಸಿಗಳಿಗೆ ಪ್ರವಾಸಿಗಳ ಊಟ. ಇದು ಅವರ ಮನೆಯೂಟ.

ಆ ಹುಡುಗನೇ ಸಾಂಜಾಂವ್ ಹಬ್ಬದ ವಿಷಯ ತೆಗೆದ. ಜೂನ್ 24ರಂದು ತಲೆಗೆ ಹೂಬಳ್ಳಿಯ ಕಿರೀಟ ಇಟ್ಟುಕೊಂಡು ಊರ ಗಂಡಸರು ತುಂಬಿದ ಬಾವಿಗಳಿಗೆ ಹಾರುತ್ತಾರೆ. ಹೊಸ ಅಳಿಯಂದಿರಿಗೆ ಅತ್ತೆಮನೆಯಿಂದ ವಿಶೇಷ ಕರೆ. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ನಮ್ಮ ಕಡೆ ಆಷಾಢವೆಂದು ಅಳಿಯನನ್ನು ಅತ್ತೆಯ ಹೊಸಿಲು ತುಳಿಯಲು ಬಿಡುವುದಿಲ್ಲ. ಘಟ್ಟದ ಕೆಳಗೆ ಅದೇ ಅಳಿಯನನ್ನು ಕರೆದು ಬಾವಿ ತೋರಿಸುತ್ತಾರೆ! ಯಾವುದು ಹೆಚ್ಚು ಗೌರವ ಎಂದು ಹೆಂಡತಿಯನ್ನು ಕೇಳಿದೆ. 'ನಮ್ಮವ್ವನ ಮನ್ಯಾಗ ಬಾವಿ ಇಲ್ಲ, ಬೋರ್‌ವೆಲ್ ಐತಿ' ಎಂದು ಮಾತು ಮುಗಿಸಿದಳು.

ತೊಂದರೆ ಇಲ್ಲವೆಂದಲ್ಲ. ದಿಂಬು ಹಿಂಡಿದರೆ ನೀರು ಬರುತ್ತದೇನೋ ಎನ್ನುವಷ್ಟು ತೇವ, ಉಪ್ಪಿನ ಡಬ್ಬಿಯಿಂದ ಉಪ್ಪು ಉದುರದು, ಕರೆಂಟು ತನಗೆ ಬೇಕಾದಾಗ ಬರುತ್ತಿತ್ತು. ಘಾಟಿಯಲ್ಲಿ ತೊಯ್ದಿದ್ದ ಬಟ್ಟೆಗಳನ್ನು ವರಾಂಡದ ಹಗ್ಗದ ಮೇಲೆ ಹರವಿದ್ದೆವು. ಗಾಳಿ ಬೀಸಿದಾಗೆಲ್ಲ ಮಳೆ ಒಳಗೆ ಹೊಡೆದು, ಹರವಿದ್ದಕ್ಕಿಂತ ಹೆಚ್ಚು ಭಾರವಾದವು. ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ತಂದೆವು.

ಹುಬ್ಬಳ್ಳಿಯಲ್ಲಿ ಹಿತ್ತಲ ತಂತಿಗೆ ಅವನ್ನು ಹಾಕುತ್ತಿದ್ದಾಗ ಪಕ್ಕದ ಮನೆಯ ಕಾಕು ಗೋಡೆಯಾಚೆಯಿಂದ ಇಣುಕಿದರು. 'ಸಮುದ್ರದಾಗ ಭಾಳ ಆಡಿ ಬಂದೀರಿ ಬಿಡ್ರಿ!'

'ಇಲ್ರಿ ಕಾಕು, ಸಮುದ್ರದಾಗ ಇಳೀಲೇ ಇಲ್ಲ' ಅಂದಳು ಇವಳು. 'ಇವನ್ನ ಅಲ್ಲೆ ಒಣಗಾಕ ಹಾಕಿದ್ವಿ.'