ಎಲ್ಲಾ ಸೆಟ್, ಸಾರ್!

ನನ್ನ ಬಲಗಾಲಿನ ಐದೂ ಬೆರಳುಗಳು ಬಚ್ಚಲಮನೆಯ ನೆಲದಲ್ಲಿ ಅಚ್ಚೊತ್ತಿ ಕೂತಿವೆ. ಕಾರಣ, ಒಂದು ಪುಟ್ಟ ಇಂಗ್ಲಿಷ್ ಪದ.

ನಿನ್ನೆ ಸಂಜೆ ಮೇಸ್ತ್ರಿ ಕೈ ತೊಳೆದುಕೊಂಡು ಹೊರಡುವಾಗ "ಎಲ್ಲಾ ಸೆಟ್, ಸಾರ್" ಅಂದ. ಸೆಟ್ ಅಂದಮೇಲೆ ಮುಗೀತಲ್ಲ ಅಂತ ಬಕೆಟ್ ಹಿಡಿದು ಒಳಗೆ ಹೋದೆ. ಕಾಲು ಪಚಕ್ಕನೆ ಹೂತುಹೋಯಿತು. ಫೋನ್ ಮಾಡಿದರೆ, "ಅಯ್ಯೋ, ಕೆಲಸ ಸೆಟ್ ಅಂದೆ ಸಾರ್! ಸಿಮೆಂಟ್ ಎಲ್ಲಿ ಸೆಟ್ ಆಗಿದೆ? ಇರ್ಲಿ, ಬೆಳಿಗ್ಗೆ ಬಂದು ಸೆಟ್ ಮಾಡ್ತೀನಿ."

ಈ ಮನುಷ್ಯನಿಗೆ ಬೇರೆ ಕ್ರಿಯಾಪದವೇ ಗೊತ್ತಿಲ್ಲ. ನಲ್ಲಿ ತಂದರೆ ಅದೊಂದು ಸೆಟ್. ಕೂರಿಸಿದರೆ ಸೆಟ್ ಮಾಡಿದ. ಸೋರಿದರೆ "ಸೆಟ್ ಆಗೋಕೆ ಟೈಮ್ ಬೇಕು". ಕೆಲಸದ ಹುಡುಗ ಕೈಕೊಟ್ಟರೆ "ಅವ್ನು ನಮಗೆ ಸೆಟ್ ಆಗಲ್ಲ". ದುಡ್ಡಿನ ತಕರಾರು ಎದ್ದರೆ "ಸೆಟ್ ಮಾಡ್ಕೊಳ್ಳೋಣ ಬಿಡಿ". ಮಗಳ ಮದುವೆಯೂ ಸೆಟ್ ಆಗಿದೆಯಂತೆ. ಕೆಲಸದ ಸೆಟ್ಟೋ ಸಿಮೆಂಟಿನ ಸೆಟ್ಟೋ ಅಂತ ಕೇಳುವ ಧೈರ್ಯ ಬರಲಿಲ್ಲ.

ಕಾಲು ತೊಳೆದು ಸಿಟ್ಟಿನಲ್ಲೇ ಹುಡುಕಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಈ ಕ್ರಿಯಾಪದಕ್ಕೆ 430 ಅರ್ಥಗಳು! ಸೂರ್ಯ ಮುಳುಗಿದರೂ ಅದೇ, ಮುರಿದ ಮೂಳೆ ಕೂಡಿಸಿದರೂ ಅದೇ. ಆಮೇಲೆ 'ರನ್' 645 ಅರ್ಥ ಪೇರಿಸಿಕೊಂಡು ಇದನ್ನೂ ಹಿಂದಿಕ್ಕಿತಂತೆ. ಪುಣ್ಯಕ್ಕೆ ಆ ಪದ ಇನ್ನೂ ಮೇಸ್ತ್ರಿಯ ಬಾಯಿಗೆ ಬಿದ್ದಿಲ್ಲ.

ನಮ್ಮ ಕನ್ನಡದಲ್ಲಿ ಒಂದೊಂದಕ್ಕೂ ಒಂದೊಂದು ಮಾತಿದೆ ಅಂತ ಬೀಗುವಷ್ಟರಲ್ಲಿ ಹೆಂಡತಿ ಒಳಗಿಂದ, "ಲೈಟ್ ಹಾಕಿ, ಬಾಗಿಲು ಹಾಕಿ, ಆ ಪ್ಯಾಂಟ್ ಒಗೆಯೋಕೆ ಹಾಕಿ, ಬೇರೆ ಹಾಕ್ಕೊಳ್ಳಿ" ಅಂದಳು. ಬಾಯಿ ಮುಚ್ಚಿಕೊಂಡೆ.

ಅಪ್ಪನ ನೆನಪಾಯಿತು. ಹಲ್ಲಿನ ಸೆಟ್ ಹಾಕಿಸಿಕೊಂಡ ಹೊಸದರಲ್ಲಿ ದಿನಾ "ಸೆಟ್ ಯಾಕೋ ಸೆಟ್ಟಾಗ್ತಿಲ್ಲ ಕಣೋ" ಅನ್ನುತ್ತಿದ್ದರು, ತಮ್ಮ ಜೋಕಿಗೆ ತಾವೇ ಬೊಚ್ಚುಬಾಯಲ್ಲಿ ನಗುತ್ತಿದ್ದರು. ಕೊನೆಗೂ ಅದು ಸೆಟ್ ಆಗಲೇ ಇಲ್ಲ. ಡಬ್ಬಿ ಬೀರುವಿನಲ್ಲಿ ಇನ್ನೂ ಇದೆ. ಎಸೆಯಲು ಕೈ ಬಂದಿಲ್ಲ.

ಬೆಳಿಗ್ಗೆ ಮೇಸ್ತ್ರಿ ಬಂದ, ಹನ್ನೊಂದು ಗಂಟೆಗೆ. ಕುಕ್ಕರಗಾಲಲ್ಲಿ ಕೂತು ನನ್ನ ಹೆಜ್ಜೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಮುಖದಲ್ಲಿ ನಿಜವಾದ ವಿಷಾದ.

"ಏನೂ ಮಾಡೋ ಹಾಗಿಲ್ಲ ಸಾರ್. ಈಗ ಸೆಟ್ ಆಗೋಗಿದೆ."