ಎಲ್‌ಎಫ್‌ಯು ಎಂಬ ಮುಕ್ತಿಮಾರ್ಗ

ಸರ್ಕಾರಿ ರಿಜಿಸ್ಟರಿನಿಂದ ಮಾಯವಾಗಲು ಮನುಷ್ಯ ಸಾಯಲೇಬೇಕೆಂದಿಲ್ಲ. ಮಾದಕವ್ಯಸನಿಗಳಿಗೆ ಬದಲಿ ಔಷಧ ಕೊಡುವ ಒಎಸ್‌ಟಿ ಕೇಂದ್ರದಲ್ಲಿ ಅದಕ್ಕೆ ಸುಲಭದ ದಾರಿಯೊಂದಿದೆ: ಎಲ್‌ಎಫ್‌ಯು. ಬಿಡಿಸಿ ಹೇಳಿದರೆ ‘ಲಾಸ್ಟ್ ಟು ಫಾಲೋ ಅಪ್’. ನಾವು ಬೆನ್ನಹಿಂದೆಯೇ ಇದ್ದೆವು, ಆಸಾಮಿ ಕಳೆದುಹೋದ ಎಂದರ್ಥ. ಬೆನ್ನಹಿಂದೆ ಇದ್ದವರು ಯಾರು, ಎಷ್ಟು ದೂರ ಹೋದರು ಎಂದು ಕೇಳಬಾರದು. ಸ್ಟಾಪಿನಲ್ಲಿ ನಿಲ್ಲಿಸದೆ ಹೋದ ಬಸ್ಸಿನ ಕಂಡಕ್ಟರು ‘ಪ್ರಯಾಣಿಕರು ಗೈರುಹಾಜರು’ ಎಂದು ಬರೆದುಕೊಂಡಂತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹೆರಾಯಿನ್ ಚುಚ್ಚಿಕೊಳ್ಳುವವರಿಗೆ, ಟಪೆಂಟಡಾಲ್‌ನಂಥ ನೋವಿನ ಮಾತ್ರೆಯನ್ನು ಪುಡಿಮಾಡಿ ನರಕ್ಕೇರಿಸುವವರಿಗೆ (ಇವರು ಬೆಂಗಳೂರಿನಲ್ಲೂ ಇದ್ದಾರೆ) ಬದಲಿ ಔಷಧ ಕೊಡುವುದೇ ಒಎಸ್‌ಟಿ, ಅಂದರೆ ಓಪಿಯಾಯ್ಡ್ ಸಬ್‌ಸ್ಟಿಟ್ಯೂಷನ್ ಥೆರಪಿ. ನಾಲಿಗೆಯಡಿಗೆ ಬ್ಯುಪ್ರೆನಾರ್ಫಿನ್, ಕೆಲವೆಡೆ ಕುಡಿಯಲು ಮೆಥಡೋನ್. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಒಂದೇ ಸೂಜಿಯನ್ನು ಹಲವರು ಚುಚ್ಚಿಕೊಳ್ಳುವುದು ನಿಂತರೆ ಎಚ್‌ಐವಿ ಹರಡುವುದೂ ತಗ್ಗುತ್ತದೆ. ಅದಕ್ಕೇ ನಮ್ಮಲ್ಲಿ ಇದು ಏಡ್ಸ್ ನಿಯಂತ್ರಣದವರ ಕಾರ್ಯಕ್ರಮ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆ, ದೇಶದಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಎಂದಿತು. ಔಷಧ ಪುಕ್ಕಟೆ. ಕಷ್ಟವಿರುವುದು ಅದು ಬಾಯಿಗೆ ಬೀಳುವವರೆಗಿನ ದಾರಿಯಲ್ಲಿ.

ಮೊದಲ ದಿನವನ್ನೇ ನೋಡಿ. ಮೈಯಲ್ಲಿ ಹೆರಾಯಿನ್ ಇರುವಾಗ ಬ್ಯುಪ್ರೆನಾರ್ಫಿನ್ ಕೊಟ್ಟರೆ, ಅದು ಮೆದುಳಿನಲ್ಲಿ ಕೂತಿರುವ ಹೆರಾಯಿನ್ನನ್ನು ಕುರ್ಚಿಯಿಂದ ನೂಕಿ ತಾನು ಕೂರುತ್ತದೆ. ಆದರೆ ಅದರಷ್ಟು ಕೆಲಸ ಮಾಡುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ವಾಂತಿ, ಭೇದಿ, ಮೈಕೈ ಮುರಿತ ಒಟ್ಟಿಗೇ ಶುರು. ಒಮ್ಮೆ ಅನುಭವಿಸಿದವನು ಮತ್ತೆ ಆ ಬಾಗಿಲಿಗೆ ಬರುವುದಿಲ್ಲ, ನಾಲ್ಕು ಜನರಿಗೂ ಹೇಳಿಡುತ್ತಾನೆ. ಆದ್ದರಿಂದ ಕೊನೆಯ ಡೋಸಿನಿಂದ ಕನಿಷ್ಠ 8ರಿಂದ 12 ಗಂಟೆ ಬಿಟ್ಟು, ಆಕಳಿಕೆ, ಮೂಗಿನಲ್ಲಿ ನೀರು, ಮೈ ರೋಮಾಂಚ, ಅಗಲವಾದ ಕಣ್ಣಪಾಪೆ ಇವೆಲ್ಲ ಕಾಣಿಸಿಕೊಂಡ ಮೇಲೆ ಬರಬೇಕು. ಸರಿಯಾದ ನಿಯಮವೇ. ಪಾಪ, ನಡುಗುತ್ತಲೇ ಬರುತ್ತಾನೆ. ನಾವು ಬೆಂಚು ತೋರಿಸುತ್ತೇವೆ. ಆಧಾರ್ ಜೆರಾಕ್ಸ್ ಎಲ್ಲಿ? ಮನೆಯವರು ಬಂದಿಲ್ಲವೇ? ಆಪ್ತಸಮಾಲೋಚನೆ ಮೊದಲು, ರಕ್ತಪರೀಕ್ಷೆ ಆಮೇಲೆ, ಡಾಕ್ಟರು ಮೀಟಿಂಗಿನಲ್ಲಿ, ಫಾರ್ಮಸಿಯ ಬೀಗದ ಕೈ ಡಾಕ್ಟರ ಬಳಿ. ನಾಳೆ ಬನ್ನಿ. ಗೇಟಿನಾಚೆ ನಿಂತ ಪೆಡ್ಲರ್ ಜೆರಾಕ್ಸ್ ಕೇಳುವುದಿಲ್ಲ. ಅವನಲ್ಲಿ ಸಾಲವೂ ಉಂಟು, ಭಾನುವಾರವೂ ಉಂಟು.

ಇನ್ನು ಡೋಸು. ಮೊದಲ ದಿನ 2ರಿಂದ 4 ಮಿಲಿಗ್ರಾಂ, ಆಮೇಲೆ ಏರಿಸುತ್ತ ಹೋಗಿ ಹೆಚ್ಚಿನವರನ್ನು 8ರಿಂದ 16 ಮಿಲಿಗ್ರಾಂಗೆ ತಂದು ನಿಲ್ಲಿಸಿದರೆ ಹಂಬಲ ತಣಿಯುತ್ತದೆ. ನಮ್ಮವರ ಕೈ ಮಾತ್ರ ದೇವಸ್ಥಾನದ ಉದ್ಧರಣೆಯ ಹಾಗೆ. ಎಲ್ಲರಿಗೂ ಅದೇ ತೀರ್ಥ, ಅಷ್ಟೇ ಹನಿ. ನಾಲ್ಕಕ್ಕೆ ಏರಿಸಿ ಅಲ್ಲೇ ನಿಲ್ಲಿಸುತ್ತಾರೆ. ಸಂಜೆಯಾಗುತ್ತಲೇ ಅವನಿಗೆ ಮೈ ಹಿಂಡುತ್ತದೆ, ಒಂದು ಸಲ ಚುಚ್ಚಿಕೊಳ್ಳುತ್ತಾನೆ, ಮರುದಿನ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಸಿಕ್ಕಿಬೀಳುತ್ತಾನೆ. ಶಿಕ್ಷೆ ಏನು? ಡೋಸು ಕಡಿತ! ಬಿ.ಪಿ. ಏರಿದೆಯಲ್ಲ, ಇವನಿಗೆ ಬಿ.ಪಿ. ಮಾತ್ರೆ ನಿಲ್ಲಿಸಿ ಬುದ್ಧಿ ಕಲಿಸಿ ಎಂದ ಹಾಗೆ. ಆ ಪಟ್ಟಿಯ ಜಾಣತನವೂ ಅಷ್ಟರಲ್ಲೇ ಇದೆ. ಮಾರ್ಫಿನ್ ಜಾತಿಗಷ್ಟೇ ಅದು ಕೈಯೆತ್ತುತ್ತದೆ. ಟಪೆಂಟಡಾಲ್ ಚುಚ್ಚಿಕೊಂಡವನು ಅದರ ಮುಂದೆ ಸತ್ಯಹರಿಶ್ಚಂದ್ರ. ಹಬ್ಬದಲ್ಲಿ ಎರಡು ಲೋಟ ಗಸಗಸೆ ಪಾಯಸ ಕುಡಿದು ಬಂದವನು ಕಳ್ಳನಾದರೂ ಆದಾನು.

ಕೆಮ್ಮು ಬಂದರೆ ಇನ್ನೂ ಸೊಗಸು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್ ಎರಡನ್ನೂ ಲಿವರಿನಲ್ಲಿ ಬೇಗ ಬೇಗ ಕರಗಿಸಿಬಿಡುತ್ತದೆ. ವಾರದೊಳಗೆ ನಿನ್ನೆಯ ಡೋಸು ಇಂದಿಗೆ ಸಾಲದು. ಟಿ.ಬಿ. ಮಾತ್ರೆ 7ನೇ ಕೊಠಡಿ, ಒಎಸ್‌ಟಿ 12ನೇ ಕೊಠಡಿ. ನಡುವೆ ಇರುವ ನಾಲ್ಕು ಕೊಠಡಿಗಳನ್ನು ಯಾವ ಚೀಟಿಯೂ ದಾಟಿಲ್ಲ. 12ರವರು ಬರೆಯುತ್ತಾರೆ: ‘ಹೆಚ್ಚು ಡೋಸು ಕೇಳುತ್ತಿದ್ದಾನೆ, ನಡವಳಿಕೆ ಸರಿಯಿಲ್ಲ.’ ಅವನಿಗೆ ತೋಚುವುದು ಒಂದೇ, ಟಿ.ಬಿ. ಮಾತ್ರೆ ಬಿಡುವುದು. ಎರಡೂ ರಿಜಿಸ್ಟರಿನಲ್ಲಿ ಒಂದೇ ವಾರ ಎಲ್‌ಎಫ್‌ಯು.

ದಿನಾ ಬರಬೇಕೆಂಬ ನೇಮದ ಬಗ್ಗೆಯೂ ಹೇಳಬೇಕು. ಮಾತ್ರೆಯನ್ನು ಪುಡಿಮಾಡಿ ನಾಲಿಗೆಯಡಿ ಹಾಕಿ, ಕರಗುವವರೆಗೆ ಐದು ಹತ್ತು ನಿಮಿಷ ಎದುರೇ ಕೂರಿಸಿ, ಬಾಯಿ ತೆರೆಸಿ ನೋಡುತ್ತಾರೆ. ನುಂಗಿದರೆ ಹೆಚ್ಚಿನದು ವ್ಯರ್ಥ, ಉಗುಳಿ ಒಯ್ದರೆ ಅದೇ ಸೂಜಿಗೆ ಹೋದೀತು. ಈ ಭಯ ಸುಳ್ಳಲ್ಲ. ಅದಕ್ಕೆಂದೇ ಈ ಜಾತಿಯ ಅಮಲನ್ನು ಕತ್ತರಿಸುವ ನಲಾಕ್ಸೋನ್ ಬೆರೆಸಿದ ಮಾತ್ರೆಯಿದೆ: ನಾಲಿಗೆಯಡಿ ಸುಮ್ಮನಿರುತ್ತದೆ, ಚುಚ್ಚಿಕೊಂಡರೆ ಮೈ ಮುರಿಯುತ್ತದೆ. 2020ರ ಲಾಕ್‌ಡೌನಿನಲ್ಲಿ ಹಲವು ದಿನಗಳ ಮಾತ್ರೆಯನ್ನು ಮನೆಗೇ ಕೊಡಲು ಒಪ್ಪಬೇಕಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಪಂಜಾಬಿನಲ್ಲಿ ಇದೇ ಚಿಕಿತ್ಸೆ ಕೊಡುವ ಓಓಎಟಿ ಎಂಬ ಕ್ಲಿನಿಕ್ಕುಗಳಲ್ಲಿ ಆಗ ಎರಡು ವಾರದ ಬುತ್ತಿ ಕಟ್ಟಿ ಕಳಿಸಿದರು. ಆ ಹೆಸರನ್ನು ಒಟ್ಟಿಗೆ ಓದಿದರೆ ‘ಊಟ್’, ನಮ್ಮ ಕಿವಿಗೆ ಊಟವೇ. ಆದರೂ ನಮ್ಮ ಕಡೆ ಗಾರೆ ಕೆಲಸದವನು ಬೆಳಗಿನ ಕೂಲಿ ಬಿಟ್ಟು 10 ಗಂಟೆಗೆ ಸಾಲಿನಲ್ಲಿ ನಿಲ್ಲುವುದೇ ನಂಬಿಕಸ್ಥನ ಲಕ್ಷಣ. ಕೂಲಿಗೆ ಹೋದರೆ ಚಿಕಿತ್ಸೆ ಇಲ್ಲ, ಚಿಕಿತ್ಸೆಗೆ ಬಂದರೆ ಕೂಲಿ ಇಲ್ಲ, ಸಮಾಲೋಚಕರ ಮೊದಲ ಉಪದೇಶ ಮಾತ್ರ ‘ಒಂದು ಕೆಲಸ ಹಿಡಿಯಪ್ಪ’. ಹೆಂಗಸರ ಮಾತು ಬೇಡವೇ ಬೇಡ. ನಲವತ್ತು ಗಂಡಸರ ಅದೇ ಸಾಲಿನಲ್ಲಿ ಕಂಕುಳ ಕೂಸಿನೊಡನೆ ನಿಲ್ಲಿ ಎಂದರೆ ಯಾರು ನಿಲ್ಲುತ್ತಾರೆ?

ಸಾಲು ಎಲ್ಲಿದೆಯೆಂದು ಪೊಲೀಸರಿಗೂ ಗೊತ್ತು. ತಿಂಗಳ ಕೇಸು ಕಡಿಮೆಯಾದಾಗ ಬೀದಿಬೀದಿ ಅಲೆಯುವುದೇಕೆ, ಆಸ್ಪತ್ರೆ ಗೇಟಿಗೆ ಜೀಪು ತಂದರಾಯಿತು. ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಸೇವನೆಗೆ ಜೈಲು ಹೇಳುತ್ತದೆ, 64ಎ ಕಲಂ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ವಿನಾಯಿತಿ ಹೇಳುತ್ತದೆ. ಗೇಟಿನಲ್ಲಿ ನೆನಪಾಗುವುದು 27 ಮಾತ್ರ. ಎಚ್‌ಐವಿ ಹರಡದಿರಲೆಂದು ಒಂದು ಇಲಾಖೆ ಕೊಟ್ಟ ಹೊಸ ಸಿರಿಂಜನ್ನು ಇನ್ನೊಂದು ಇಲಾಖೆ ಪಂಚನಾಮೆ ಮಾಡಿ ಜಪ್ತಿ ಮಾಡುತ್ತದೆ.

ಇಷ್ಟರ ಮೇಲೆ ‘ಎಷ್ಟು ದಿನ ಈ ಮಾತ್ರೆ? ಪೂರ್ತಿ ಬಿಡಿಸಿ’ ಎಂಬ ಒತ್ತಾಯ. ಜೂನ್ 26ರ ಮಾದಕವಸ್ತು ವಿರೋಧಿ ದಿನದಂದು ಶಾಲಾ ಮಕ್ಕಳ ಜಾಥಾ ಬರುವ ಹೊತ್ತಿಗೆ ವೇದಿಕೆಗೆ ಒಬ್ಬ ‘ಸಂಪೂರ್ಣ ವ್ಯಸನಮುಕ್ತ’ ಬೇಕು. ಮೂರು ವಾರ ಬೀಗ ಹಾಕಿದ ಕೊಠಡಿಯಲ್ಲಿಟ್ಟು ತೊಳೆದು, ಹಾರ ಹಾಕಿ ಕಳಿಸುತ್ತಾರೆ. ಆ ಮೂರು ವಾರದಲ್ಲಿ ಮೈಯ ತಾಳಿಕೆ ಇಳಿದಿರುತ್ತದೆ, ಕೈಗೆ ಹಳೆಯ ಅಳತೆ ನೆನಪಿರುತ್ತದೆ. ಹಳೆಯ ಅಳತೆ ಚುಚ್ಚಿಕೊಂಡರೆ ಉಸಿರು ನಿಲ್ಲುತ್ತದೆ. ಉಸಿರು ಮರಳಿಸುವ 0.4 ಮಿಲಿಗ್ರಾಂನ ನಲಾಕ್ಸೋನ್ ಆಂಪೂಲು ಆಸ್ಪತ್ರೆಯ ಬೀರುವಿನಲ್ಲಿದೆ. ಆತ ಬಿದ್ದಿರುವುದು ರೈಲ್ವೆ ಹಳಿ ಪಕ್ಕ. ವ್ಯಸನಮುಕ್ತಿ ಎಂದು ಬೋರ್ಡು ಬರೆದವರು ಮೊದಲ ಮೂರಕ್ಷರವನ್ನು ಸುಮ್ಮನೆ ಬರೆದಿದ್ದರು.

ಒಂದು ದಿನ ಬಾರದಿದ್ದರೆ ಅಂದೇ ಸಂಜೆ ಒಂದು ಫೋನು, ಫೋನಿಲ್ಲದವನಾದರೆ ಅವನ ಅಡ್ಡಾಕ್ಕೆ ಹೋಗಿಬರಲು ಒಬ್ಬ ಹಳಬ. ಚಿಕಿತ್ಸೆ ಬಿಟ್ಟವರನ್ನು ವಾಪಸು ತರುವ ತಂತ್ರವೆಂದರೆ ಇಷ್ಟೇ, ಮೂರು ದಿನದೊಳಗೆ ಮಾಡಿದರೆ ಇನ್ನೂ ಸಲೀಸು. ರಿಜಿಸ್ಟರಿನಲ್ಲಿ ಎಲ್‌ಎಫ್‌ಯು ಎಂದು ಕೆಂಪು ಶಾಯಿ ಬಿದ್ದವನ ವಿಳಾಸವೂ ಅಲ್ಲೇ ಇದೆ: ಫ್ಲೈಓವರ್ ಕೆಳಗೆ, 3ನೇ ಕಂಬ. ಫೀಲ್ಡಿನ ಹುಡುಗ ದಿನಾ ನೋಡುತ್ತಾನೆ. ಕಾಲಿನ ಬಾವು ಕೀವುಗಟ್ಟಿದೆ ಎಂದೂ ಹೇಳಿದ್ದಾನೆ. ಕರೆತರಲು ಆಟೋ ಚಾರ್ಜಿನ ಬಿಲ್ಲು ಕಳೆದ ಮಾರ್ಚಿನದೇ ಇನ್ನೂ ಪಾಸಾಗಿಲ್ಲವಂತೆ.