ಅಪ್ಪನನ್ನು ಬಿಟ್ಟು ಎಲ್ಲರನ್ನೂ ಕೇಳಿದೆ

ಬ್ಯಾಟರಿಯಲ್ಲಿ ಓಡುವ ಪವರ್ ವೀಲ್‌ಚೇರ್ ತಗೊಳ್ಳುವ ಮುಂಚೆ ಡಾಕ್ಟರನ್ನು ಕೇಳಿದೆ, ಬೆಂಗಳೂರಿನ ಭಾವನನ್ನು ಕೇಳಿದೆ, ಯೂಟ್ಯೂಬ್ ನೋಡಿದೆ. ಅದರಲ್ಲಿ ಕೂರುವ ಅಪ್ಪನನ್ನು ಮಾತ್ರ ಕೇಳಲಿಲ್ಲ. ನಮ್ಮ ಬೀದಿಯಲ್ಲೇ ಇನ್ನೊಬ್ಬರು ಈಗ ಇದೇ ತಪ್ಪು ಮಾಡಲು ಹೊರಟಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆ ಮುಂದೆ ಸಣ್ಣ ಗ್ಯಾರೇಜ್ ಇಟ್ಟುಕೊಂಡರು. ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿಗೆ ಕಿಕ್ಕರ್ರೂ ಗೇರೂ ಒಂದೇ ಲಿವರ್ ಅಲ್ವಾ, ಅದು ಹೇಗೆ ಅಂತ ಬಿಡಿಸಿ ಹೇಳಲು ಕೂತರೆ ನಮ್ಮ ಊಟ ತಣ್ಣಗಾಗುತ್ತಿತ್ತು. ಮೂರು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತೂ ನಿಂತಿತು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ತಿಂಗಳುಗಟ್ಟಲೆ ಓಡಾಡಿ, ಈಗ ಒಂದೊಂದೇ ಪದ ಬರುತ್ತದೆ. ತಲೆ ಮಾತ್ರ ಮೊದಲಿನ ಹಾಗೇ ಚುರುಕು. ಆದರೆ ಮನೆಗೆ ಬಂದವರು ಅವರ ಎದುರೇ ನನ್ನನ್ನು ಕೇಳುತ್ತಾರೆ, “ಇವರಿಗೆ ಕಾಫಿ ಕೊಡಬಹುದಾ?”

ಮೊದಲ ಕುರ್ಚಿಯನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಒಂದು ಚಾರ್ಜಿಗೆ 20 ಕಿಲೋಮೀಟರ್ ಅಂತ ಹಾಕಿದ್ದರು. ಅದಕ್ಕೇ ಮರುಳಾದೆ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಮಂಚದಿಂದ ಬಚ್ಚಲಿಗೆ ಎಷ್ಟು ಕಿಲೋಮೀಟರ್, ಹೇಳಿ? ಪೆಟ್ಟಿಗೆ ಬಿಚ್ಚಿದರೆ ಕುರ್ಚಿ ಓಡಿಸುವ ಜಾಯ್‌ಸ್ಟಿಕ್ ಬಲಗಡೆ. ಅಪ್ಪನಿಗೆ ಆಡುವುದು ಎಡಗೈ. ಫೋನ್ ಮಾಡಿದರೆ, ಈ ಮಾಡೆಲ್ಲಿಗೆ ಬದಲಾಯಿಸಲು ಬರುವುದಿಲ್ಲ ಅಂದರು. ಕುರ್ಚಿಯ ಅಗಲ 26 ಇಂಚು, ನಮ್ಮ ಬಚ್ಚಲ ಬಾಗಿಲು 24. ಲೆಡ್ ಆಸಿಡ್ ಬ್ಯಾಟರಿ ಎರಡೂ ಸೇರಿ ಕುರ್ಚಿಯ ತೂಕ 50 ಕಿಲೋಗಿಂತ ಜಾಸ್ತಿ. ಕಾರಿನ ಡಿಕ್ಕಿಗೆ ಹಾಕಬೇಕೆಂದರೆ ಪಕ್ಕದ ಮನೆ ಹುಡುಗನನ್ನು ಕೂಗಬೇಕು. ನಾಲ್ಕು ತಿಂಗಳು ಅದರ ಮೇಲೆ ನಮ್ಮ ಟವಲ್‌ಗಳು ಒಣಗಿದವು.

ಎರಡನೇ ಸಲ ಅಪ್ಪನನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಸೇಲ್ಸ್ ಹುಡುಗ ನನಗೇ ವಿವರಿಸುತ್ತಿದ್ದ. ಅಪ್ಪ ಎಡಗೈಯಲ್ಲಿ ಮೋಟರ್ ತಟ್ಟಿ “ಕ್ಲಚ್?” ಅಂದರು. ಅವನಿಗೆ ಅರ್ಥವಾಗಲಿಲ್ಲ. ಅಪ್ಪ ಬೆರಳು ತೋರಿಸಿದರು. ಚಕ್ರದ ಹತ್ತಿರ ಒಂದು ಸಣ್ಣ ಲಿವರ್ ಇರುತ್ತದೆ. ಅದನ್ನು ತಿರುಗಿಸಿದರೆ ಮೋಟರಿಗೂ ಚಕ್ರಕ್ಕೂ ಸಂಬಂಧ ಬಿಡುತ್ತದೆ, ಬ್ಯಾಟರಿ ಸತ್ತರೂ ಕೈಯಲ್ಲಿ ತಳ್ಳಬಹುದು. ಆಮೇಲೆ “ಬ್ರೇಕ್” ಅಂದರು. ಅಂಗಡಿಯ ಇಳಿಜಾರಿನಲ್ಲಿ ಜಾಯ್‌ಸ್ಟಿಕ್‌ನಿಂದ ಕೈ ಬಿಟ್ಟರು. ನನ್ನ ಎದೆ ಧಸಕ್ ಅಂದಿತು, ಕುರ್ಚಿ ಮಾತ್ರ ನಿಂತಲ್ಲೇ ನಿಂತಿತು. ಮೋಟರಿಗೆ ಕರೆಂಟ್ ಹೋಗದಿದ್ದಾಗ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದಂತೆ. ಇಷ್ಟು ಹೊತ್ತಿಗೆ ಹುಡುಗ ಮಂಡಿಯೂರಿ ಕೂತು ಅಪ್ಪನ ಜೊತೆಗೇ ಮಾತಾಡುತ್ತಿದ್ದ.

ತಂದದ್ದು ಲಿಥಿಯಂ ಬ್ಯಾಟರಿಯದು, ಮಡಚುವಂಥದ್ದು, ಸುಮಾರು 25 ಕಿಲೋ. ಅಗಲವೂ 24 ಇಂಚಿನೊಳಗೆ. ಬಿಚ್ಚಬಹುದಾದ ಜಾಯ್‌ಸ್ಟಿಕ್, ಎಡಗಡೆ ಹಾಕಿಸಿದೆವು. ಕೈಯಿಡುವ ಪಟ್ಟಿ ಮೇಲಕ್ಕೆ ಏಳುತ್ತದೆ, ಸೀಟು ಮಂಚದ ಎತ್ತರಕ್ಕೇ ಇದೆ. ಪಕ್ಕಕ್ಕೆ ಜಾರಿಕೊಂಡರೆ ಸಾಕು, ಅಪ್ಪನನ್ನು ಎತ್ತಿ ಎತ್ತಿ ನನ್ನ ಸೊಂಟ ಹೋಗುವುದು ತಪ್ಪಿತು. ಸೀಟಿನ ಅಂಚು ಮತ್ತು ಮಂಡಿಯ ಹಿಂಭಾಗದ ಮಧ್ಯೆ ಎರಡು ಬೆರಳು ಜಾಗ ಇರಬೇಕು, ಇಲ್ಲದಿದ್ದರೆ ಅಲ್ಲಿ ಒತ್ತಿ ಹುಣ್ಣಾಗುತ್ತದೆ. ಕುಶನ್‌ಗೆ ಜಿಪುಣತನ ಮಾಡಬೇಡಿ. ವೇಗ, ಕಿಲೋಮೀಟರ್ ಎಲ್ಲ ಆಮೇಲೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಮಾಡಿಸದಿದ್ದರೆ ಅದನ್ನೂ ಮಾಡಿಸಿ.

ಇನ್ನು ಮನೆ. ಜಗಲಿ ಒಂದು ಅಡಿ ಎತ್ತರ. ಒಂದು ಅಡಿಗೆ 12 ಅಡಿ ಉದ್ದದ ಇಳಿಜಾರು ಬೇಕು ಅಂದರೆ ಮೇಸ್ತ್ರಿ ನಕ್ಕ. “ನಾಲ್ಕಡಿ ಸಾಕು ಸಾರ್, ಸ್ಕೂಟರ್ ಹತ್ತಲ್ವಾ?” ಸ್ಕೂಟರ್ ಹತ್ತಿತು. ಕುರ್ಚಿ ಹತ್ತುವಾಗ ಮುಂದಿನ ಚಕ್ರ ಗಾಳಿಗೆ ಎದ್ದಿತು. ಹಿಂದೆ ಪುಟ್ಟ ಚಕ್ರಗಳಿಲ್ಲದಿದ್ದರೆ ಅಪ್ಪ ಅಂಗಾತ ಬೀಳುತ್ತಿದ್ದರು. ಒಡೆಸಿ, ಗೇಟಿನ ಹತ್ತಿರ ತಿರುಗುವ ಹಾಗೆ ಮತ್ತೆ ಕಟ್ಟಿಸಿದೆವು. ಹೊಸಲಿನದು ಬೇರೆಯೇ ಜಗಳ. ಕೀಳಿಸೋಣ ಅಂದಾಗ ಅಮ್ಮ ಎರಡು ದಿನ ಮಾತು ಬಿಟ್ಟರು. ಕೊನೆಗೆ ಹೊಸಲು ಉಳಿಯಿತು, ಎರಡೂ ಬದಿಗೆ ಮರದ ಇಳಿಜಾರು ಬಂತು. ಚಕ್ರ ಹೋಗುವ ಮಧ್ಯದ ಜಾಗ ಬಿಟ್ಟು ಅಮ್ಮ ಈಗ ಎರಡು ತುದಿಗೆ ಮಾತ್ರ ಅರಿಶಿನ ಕುಂಕುಮ ಇಡುತ್ತಾರೆ.

ಹೋದ ವಾರ ಬೆಳಿಗ್ಗೆ ಕುರ್ಚಿ ಇದ್ದಕ್ಕಿದ್ದಂತೆ ಅಲ್ಲಾಡಲಿಲ್ಲ. ಬೀಪ್ ಬೀಪ್ ಅಂತ ಹೊಡೆದುಕೊಳ್ಳುತ್ತಿತ್ತು. ನಾನು ಸರ್ವಿಸ್‌ನವರಿಗೆ ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಅಪ್ಪ ಸುಮ್ನೆ ನನ್ನನ್ನೇ ನೋಡುತ್ತಿದ್ದರು. ಏನು ಅಂತ ಕೇಳಿದೆ. ಹಿಂದಿನ ರಾತ್ರಿ ಕೈಯಲ್ಲಿ ತಳ್ಳಿ ಮೂಲೆಗೆ ನಿಲ್ಲಿಸಿದ್ದವನು ನಾನೇ. ಅಪ್ಪ ಚಕ್ರದ ಲಿವರ್ ಕಡೆ ಎಡಗೈ ತೋರಿಸಿ, ನಿಧಾನಕ್ಕೆ, ಅಷ್ಟೂ ಅಕ್ಷರ ಬಿಡಿಸಿ ಹೇಳಿದರು.

“ನ್ಯೂ... ಟ್ರ... ಲ್.”